ಎಡಗೈಗೆ ಎಟುಕುವ ಗೂಟ

ಜನವರಿ 6

ಪ್ರೀತಿಯ ಮೊಳೆರಾಯನಿಗೆ ಭಾವನ ಆಶೀರ್ವಾದಗಳು.

ಕ್ಷೇಮಸಮಾಚಾರದ ಸಾಲುಗಳನ್ನು ನೀನೇ ಹಾಕಿಕೊಂಡು ಓದು, ನನಗೆ ಪುರುಸೊತ್ತಿಲ್ಲ. ನಿವೃತ್ತನಾಗಿ ಆರು ವರ್ಷ, ಹೆಂಡತಿ ಹೋಗಿ ಐದು ತಿಂಗಳು, ಈ ಮನುಷ್ಯನಿಗೆಂಥ ಪುರುಸೊತ್ತಿಲ್ಲದ ಕೆಲಸ ಎಂದು ನಗಬೇಡ. ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಆದರೆ ಮರ ಕೊಯ್ಯುವ ಯಂತ್ರ ನಿನ್ನ ಎರಡೂ ಕಿವಿ ತಿಂದು ತೇಗಿದ ಮೇಲೆ ನಿನಗೆ ಫೋನು ಮಾಡುವುದೂ ಗೋಡೆಗೆ ಮಾಡುವುದೂ ಒಂದೇ. ನಿನಗೆ ಮೊಳೆ ಎಂದು ಹೆಸರಿಟ್ಟ ನಿನ್ನಕ್ಕ ಇದ್ದಿದ್ದರೆ, "ಮೊಳೆಗೆ ಕಿವಿ ಎಲ್ರೀ ಇರುತ್ತೆ, ತಲೆ ಮಾತ್ರ ಇರೋದು" ಅನ್ನುತ್ತಿದ್ದಳು.

ವಿಷಯಕ್ಕೆ ಬರುತ್ತೇನೆ. ಒಳಗೆ ಮಡಚಿಟ್ಟಿರುವುದು ನಕ್ಷೆ, ಹನ್ನೆರಡನೆಯದು. ಒಂದು ಆರಾಮಕುರ್ಚಿ. ಬೆನ್ನು ನಾಲ್ಕು ಮಟ್ಟಕ್ಕೆ ಹಿಂದೆ ಬಾಗಬೇಕು. ಮುಂದೆ ಲೆಗ್ ರೆಸ್ಟ್, ಅದು ಡಿಟ್ಯಾಚಬಲ್. ಮಡಚುವಂಥದ್ದಲ್ಲ, ಜೋತುಬೀಳುವಂಥದ್ದಲ್ಲ, ಪೂರ್ತಿ ಕಳಚಿ ಬರುವಂಥದ್ದು. ಎಡ ತೋಳಿನ ಕೆಳಗೆ ಒಂದು ಗೂಟ. ಅದನ್ನು ಎಳೆದರೆ ಲೆಗ್ ರೆಸ್ಟ್ ಬಿಟ್ಟುಕೊಳ್ಳಬೇಕು, ಪಾದದಿಂದ ತಳ್ಳಿದರೆ ಅತ್ತ ಸರಿಯಬೇಕು. ಕೂತವರು ಒಂದೇ ಕೈಯಲ್ಲಿ ಇಷ್ಟನ್ನೂ ಮಾಡಿಕೊಳ್ಳಬೇಕು. ಇನ್ನೊಬ್ಬರನ್ನು ಕರೆಯುವಂತಿರಬಾರದು. ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ಗಮನಿಸು.

ಸೀಟಿನ ಎತ್ತರ ಹದಿನೈದೂಕಾಲು ಇಂಚು. ಆಳ ಹದಿನೇಳು. ಲೆಗ್ ರೆಸ್ಟ್ ಉದ್ದ ಹದಿನಾಲ್ಕೂವರೆ. ಮೂವತ್ತನಾಲ್ಕು ವರ್ಷ ಅಂಗಡಿಯಿಂದ ಅಂಗಡಿಗೆ ತಿರುಗಿ ತಕ್ಕಡಿಗೂ ತೂಕದ ಕಲ್ಲಿಗೂ ಮೀಟರು ಕೋಲಿಗೂ ಸರಕಾರದ ಮೊಹರು ಒತ್ತಿದವನು ನಾನು. ನನ್ನ ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಯಾರಿಗೆ ಎಂದು ಕೇಳುತ್ತೀಯ. ನನಗೇ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಮ್ಮ ಫಿಸಿಕ್ಸ್ ಮೇಷ್ಟರು ಸೀಮೆಸುಣ್ಣ ಆಡಿಸುತ್ತ ಹೇಳುತ್ತಿದ್ದರು: ಎ ಬಾಡಿ ಅಟ್ ರೆಸ್ಟ್ ರಿಮೇನ್ಸ್ ಅಟ್ ರೆಸ್ಟ್, ಅನ್‌ಲೆಸ್… ಅನ್‌ಲೆಸ್ ಆದಮೇಲೆ ಏನೋ ಇತ್ತು, ಮರೆತಿದೆ. ಮೂರನೇ ವರ್ಷಕ್ಕೆ ಕಾಲೇಜು ಬಿಟ್ಟೆನಲ್ಲ, ಅಲ್ಲೇ ಉಳಿದುಹೋಗಿರಬೇಕು. ಒಟ್ಟಿನಲ್ಲಿ ನನ್ನ ಬಾಡಿಗೆ ರೆಸ್ಟ್ ಬೇಕು. ಬೇಗ ಮಾಡಿ ಕಳಿಸು.

ನಿನ್ನ ಭಾವ


ಜನವರಿ 19

ಭಾವನವರಿಗೆ ಮೊಳೆಯ ನಮಸ್ಕಾರ.

ನಿಮ್ಮ ನಕ್ಷೆಯನ್ನು ಬಿಚ್ಚಿದೆ, ಬಿಚ್ಚಿದೆ, ಇನ್ನೂ ಬಿಚ್ಚಿದೆ. ಮೇಜು ಸಾಲದೆ ನೆಲಕ್ಕೆ ಹಾಸಬೇಕಾಯಿತು. ನಮ್ಮಲ್ಲಿ ಪಾಲಿಷ್ ಹಾಕುವ ಹೆಂಗಸು ಬಂದು ನೋಡಿ, "ಯಾವ ಹೊಳೆಗೆ ಸೇತುವೆ ಕಟ್ತಿದೀರಿ?" ಅಂದಳು. ಕಿವಿಗೆ ಬೀಳಲಿಲ್ಲ, ಬಾಯಿ ನೋಡಿ ತಿಳಿದುಕೊಂಡೆ. ಕಿವುಡನಿಗೆ ಜನರ ಕುಹಕ ಬೇಗ ಅರ್ಥವಾಗುತ್ತದೆ.

ಭಾವ, ಕೋಪ ಮಾಡಿಕೊಳ್ಳಬೇಡಿ. ನೀವು ಆರಡಿ ಆಳು. ಹದಿನೈದೂಕಾಲು ಇಂಚಿನ ಸೀಟಿನಲ್ಲಿ ನೀವು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಹದಿನಾಲ್ಕೂವರೆ ಇಂಚಿನ ಕಾಲುಮಣೆಯಾಚೆಗೆ ನಿಮ್ಮ ಪಾದ ಎರಡೂ ಗಾಳಿಯಲ್ಲಿ ನೇತಾಡುತ್ತವೆ. ಯಾವ ಅಂಗಡಿಯವನಿಂದ ಜಪ್ತಿ ಮಾಡಿದ ಕೋಲಿನಲ್ಲಿ ಅಳೆದಿರಿ? ಇನ್ನೊಂದು ಸಲ ಅಳೆದು ಕಳಿಸಿ.

ಕಾಲುಮಣೆ ಕಳಚಿಯೇ ಬರಬೇಕು ಅಂತ ಯಾಕೆ ಹಟ? ಎರಡು ಬಿಜಾಗರಿ ಹಾಕಿದರೆ ಬಾಗಿಲಿನ ಹಾಗೆ ಕೆಳಕ್ಕೆ ಮಡಚಿಕೊಳ್ಳುತ್ತದೆ. ಅಗ್ಗ, ಗಟ್ಟಿ, ಅರ್ಧ ದಿನದ ಕೆಲಸ. ಆ ಎಡಗಡೆಯ ಗೂಟವಂತೂ ಬರೀ ತಲೆನೋವು. ಶಾಲೆಯವರ ಡೆಸ್ಕುಗಳ ಮಧ್ಯೆ ಬಿಡುವು ಮಾಡಿಕೊಂಡು ನಿಮ್ಮದನ್ನು ಹಿಡಿಯುತ್ತೇನೆ.

ಅಂದ ಹಾಗೆ ನಿಮ್ಮ ಅಕ್ಷರ ಯಾಕೆ ಹೀಗೆ ಏರು ಹತ್ತುತ್ತಿದೆ? ಎಡ ಅಂಚಿನಿಂದ ಹೊರಟ ಸಾಲು ಬಲ ಅಂಚಿಗೆ ಬರುವಷ್ಟರಲ್ಲಿ ಮೇಲಿನ ಸಾಲಿನ ತಲೆ ಮೇಲೆ ಕೂತಿರುತ್ತದೆ. ಕನ್ನಡಕ ಬದಲಾಯಿಸಿ.

ಮೊಳೆ


ಜನವರಿ 24

ಮೊಳೆರಾಯ,

ಬಿಜಾಗರಿ ಎಂಬ ಶಬ್ದವನ್ನು ಇನ್ನೊಮ್ಮೆ ಎತ್ತಬೇಡ. ಮಡಚುವ ಕಾಲುಮಣೆ ಸಿಕ್ಕಿಕೊಳ್ಳುತ್ತದೆ. ಮೇಲೆ ನಿಂತುಬಿಟ್ಟರೆ ಕೂತವರು ಅದರ ಹಿಂದೆ ಬಂದಿ. ಅದನ್ನು ಬಿಡಿಸಲು ಹೊರಗಿನಿಂದ ಇನ್ನೊಬ್ಬರು ಬಂದು ಬಗ್ಗಬೇಕು. ಆ ಇನ್ನೊಬ್ಬರು ಬರಲಿಲ್ಲ ಅನ್ನು, ಆಗ?

ಅಕ್ಷರ ಏರು ಹತ್ತುವುದಕ್ಕೆ ಕನ್ನಡಕ ಕಾರಣವಲ್ಲ. ನಿಂತು ಬರೆಯುತ್ತೇನೆ. ಬಟ್ಟೆಯ ಬೀರು ನನ್ನ ಎದೆಯ ಮಟ್ಟಕ್ಕಿದೆ, ಅದರ ಮೇಲೆ ಹಾಳೆ ಇಟ್ಟರೆ ಬರವಣಿಗೆ ಚೆನ್ನಾಗಿ ಓಡುತ್ತದೆ. ಊಟವೂ ನಿಂತೇ. ಜೀರ್ಣಕ್ಕೆ ಒಳ್ಳೆಯದಂತೆ, ಎಲ್ಲೋ ಓದಿದ್ದೆ, ಅಥವಾ ಓದಿರಲಿಲ್ಲ. ಭಾನುವಾರ ಮಗಳು ಫೋನು ಮಾಡಿದಾಗ, "ಅಪ್ಪಾ, ಒಂದು ಕಡೆ ಕೂತ್ಕೊಂಡು ಮಾತಾಡಿ, ನಿಮ್ಮ ಮಾತಿಗಿಂತ ಚಪ್ಪಲಿ ಸದ್ದೇ ಜಾಸ್ತಿ ಕೇಳಿಸ್ತಿದೆ" ಅಂದಳು. ಚಪ್ಪಲಿ ತೆಗೆದಿಟ್ಟು ಬರಿಗಾಲಲ್ಲಿ ನಡೆದೆ. "ಈಗ ಕೂತ್ರಾ?" ಅಂದಳು. ಹೂಂ ಅಂದೆ.

ಮೊನ್ನೆ ದೊಡ್ಡ ರಸ್ತೆಯ ಪೀಠೋಪಕರಣದ ಅಂಗಡಿಗೆ ಹೋಗಿದ್ದೆ, ಕಾಂಪಿಟೀಶನ್ ಏನು ಮಾಡಿದೆ ನೋಡೋಣ ಎಂದು. ಒಂಬತ್ತು ಕುರ್ಚಿ ಇದ್ದವು. ಪ್ರತಿಯೊಂದರ ಮುಂದೆ ಮಂಡಿಯೂರಿ, ಕೆಳಗೆ ತಲೆ ಹಾಕಿ, ಸನ್ನೆಕೋಲು ಎಲ್ಲಿದೆ ಎಂದು ಹುಡುಕಿದೆ. ಮಾರುವವನಿಗೆ ಗಾಬರಿ.

"ಏನಾದ್ರೂ ಬಿತ್ತಾ ಸಾರ್?"

"ಇಲ್ಲಪ್ಪ. ಇದನ್ನ ಕೂತವರು ಬಿಡಿಸ್ಕೋಬೇಕಾದ್ರೆ ಹೇಗೆ?"

"ಬಲಗಡೆ ಹೊರಗೆ ಹಿಡಿ ಇದೆಯಲ್ಲ, ಬಗ್ಗಿ ಎತ್ತೋದು. ಕೂತು ನೋಡಿ ಸಾರ್."

"ಕೂರೋದು ಬೇಡ. ಕೈ ಬಾತಿರೋರು ಬಗ್ಗೋಕಾಗುತ್ತಾ?"

"ಮನೇಲಿ ಯಾರಾದ್ರೂ ಇರ್ತಾರಲ್ಲ ಸಾರ್, ಒಂದು ಕೂಗು ಹಾಕಿದ್ರೆ ಆಯ್ತು."

ಒಂಬತ್ತರಲ್ಲಿ ಒಂದರಲ್ಲೂ ಕೂರಲಿಲ್ಲ. "ಸಾರ್, ಕುರ್ಚಿ ಅಂಗಡಿಗೆ ಬಂದು ಕೂರದೆ ಹೋಗೋರು ನೀವೇ ಮೊದಲು" ಅಂದ. ಥ್ಯಾಂಕ್ ಯೂ ಫಾರ್ ಯುವರ್ ಕೈಂಡ್ ಅಟೆಂಡೆನ್ಸ್ ಎಂದು ಹೇಳಿ ಬಂದೆ. ಅಟೆಂಡೆನ್ಸೋ ಅಟೆನ್ಶನ್ನೋ, ಅವನಿಗೂ ಗೊತ್ತಾದಂತಿಲ್ಲ.

ಅಳತೆ ಸರಿಯಾಗಿಯೇ ಇದೆ. ವಯಸ್ಸಾದ ಮೇಲೆ ಮನುಷ್ಯ ಕುಗ್ಗುತ್ತಾನೆ. ಹದಿಮೂರನೇ ನಕ್ಷೆ ಇಟ್ಟಿದ್ದೇನೆ, ಗೂಟ ಅರ್ಧ ಇಂಚು ಮುಂದೆ ಬಂದಿದೆ. ಎಡಕ್ಕೇ ಇರಲಿ.

ಭಾವ


ಫೆಬ್ರವರಿ 11

ಮೊಳೆರಾಯ,

ಹದಿನೆಂಟು ದಿನವಾಯಿತು, ಉತ್ತರವಿಲ್ಲ. ಟಪಾಲಿನವನ ಸೈಕಲ್ಲು ತಿರುವಿನಲ್ಲಿ ಬಂದರೆ ಸಾಕು, ಗೇಟಿನವರೆಗೆ ಹೋಗಿ ಬರುತ್ತೇನೆ. ಅವನು ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ. ಬಡಗಿಗಳೆಲ್ಲ ಒಂದೇ ಜಾತಿ, ನಾಳೆ ಬಾ ಎನ್ನುವ ಜಾತಿ. ನೀನು ಶಾಲೆಯ ಡೆಸ್ಕಿಗೆ ಮೊಳೆ ಹೊಡೆಯುತ್ತ ಕೂತಿರು. ಇಲ್ಲಿ ಆ ಕುರ್ಚಿಯನ್ನು ಅವನು ಮತ್ತೆ ಬಾಡಿಗೆಗೆ ಕೊಟ್ಟುಬಿಟ್ಟಿದ್ದಾನೆ. ನಿನ್ನೆ ಹೋಗಿ ಕಣ್ಣಾರೆ ನೋಡಿ ಬಂದೆ, ಅದಿದ್ದ ಜಾಗ ಖಾಲಿ. ಇನ್ನು ತಡ ಮಾಡುವ ಹಾಗಿಲ್ಲ. ನಿನಗೆ ಆಗದಿದ್ದರೆ ಹೇಳಿಬಿಡು, ನಾನೇ ಉಳಿ ಹಿಡಿಯುತ್ತೇನೆ. ಬೆರಳು ಹೋದರೆ ಹೋಗಲಿ.

ಭಾವ


ಫೆಬ್ರವರಿ 24

ಭಾವ,

ಯಾವ ಕುರ್ಚಿ? ಯಾರು ಬಾಡಿಗೆಗೆ ಕೊಟ್ಟದ್ದು?

ನಿಮ್ಮ ಹದಿಮೂರನೇ ನಕ್ಷೆ ಬಂದ ದಿನವೇ ಉತ್ತರ ಬರೆಯಲು ಕೂತೆ. ಹಾಸ್ಯ ಮಾಡೋಣವೆಂದು ಒಂದು ಆರಡಿ ಆಳಿನ ಚಿತ್ರ ಬರೆದು ನಿಮ್ಮ ಅಳತೆಯ ಕುರ್ಚಿಯಲ್ಲಿ ಕೂರಿಸಿದೆ. ಬರೆಯುತ್ತ ಕೈ ನಿಂತಿತು. ಭಾವ, ನೀವು ಎಡಚರಲ್ಲ. ನಿಮ್ಮ ಮನೆಯಲ್ಲಿ ಎಡಗೈಯಲ್ಲಿ ಕತ್ತರಿ ಹಿಡಿಯುತ್ತಿದ್ದವಳು, ಎಡಗೈಯಲ್ಲಿ ನನ್ನ ಕಿವಿ ಹಿಂಡುತ್ತಿದ್ದವಳು ಒಬ್ಬಳೇ. ಹದಿನೈದೂಕಾಲು, ಹದಿನೇಳು, ಹದಿನಾಲ್ಕೂವರೆ: ಇದು ಅಕ್ಕನ ಅಳತೆ. ನನಗೆ ಹೇಗೆ ಗೊತ್ತು ಎಂದು ಈಗ ಕೇಳಬೇಡಿ, ಗೊತ್ತು.

ಹೋದವಳಿಗಾಗಿ ಕುರ್ಚಿ ಮಾಡಿಸಿ ಮನೆಯಲ್ಲಿಟ್ಟುಕೊಳ್ಳುವ ಆಸೆಯಾದರೆ ನೇರವಾಗಿ ಹೇಳಿ, ಮಾಡಿಕೊಡುತ್ತೇನೆ. ಅದರಲ್ಲಿ ನಾಚಿಕೆಯೇನಿದೆ? ಮೊದಲು ಹಾಗೆಂದೇ ತಿಳಿದಿದ್ದೆ. ಆದರೆ ಹಾಗಿದ್ದರೆ ಗೂಟದ ಬಗ್ಗೆ ಇಷ್ಟು ಒದ್ದಾಟ ಯಾಕೆ? ಯಾರೂ ಕೂರದ ಕುರ್ಚಿಯಿಂದ ಯಾರು ಏಳಬೇಕು? "ಆ ಇನ್ನೊಬ್ಬರು ಬರಲಿಲ್ಲ ಅನ್ನು, ಆಗ?" ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ನೀವೇ ಹೇಳಿದ್ದು. ಸೊಂಟದ ಮೂಳೆ ಮುರಿಯಿತು, ಹತ್ತೊಂಬತ್ತು ದಿನ ಆಸ್ಪತ್ರೆ, ಆಮೇಲೆ ಇಲ್ಲ. ಅಷ್ಟೇ ನನಗೆ ಗೊತ್ತಿರುವುದು.

ಅಕ್ಕ ಬಿದ್ದದ್ದು ಎಲ್ಲಿ ಭಾವ?


ಮಾರ್ಚ್ 2

ಮೊಳೆರಾಯ,

ಬಚ್ಚಲಲ್ಲಿ ಅಲ್ಲ.

ಕೊನೆಯ ತಿಂಗಳುಗಳಲ್ಲಿ ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಾಲು ಇಳಿಬಿಟ್ಟರೆ ಬಾತುಕೊಳ್ಳುತ್ತಿತ್ತು. ಒರಗಿ ಕೂರಬೇಕು, ಕಾಲು ಮೇಲಿರಬೇಕು ಎಂದರು ಡಾಕ್ಟರು. "ನನ್ನ ತಮ್ಮನ ಹತ್ರ ಒಂದು ಕುರ್ಚಿ ಮಾಡ್ಸೋಣ ರೀ" ಅಂದಳು. ಮಾಡಿಸೋಣ, ಮೊದಲು ಡಿಸೈನ್ ಪರ್ಫೆಕ್ಟ್ ಆಗಲಿ ಎಂದೆ ನಾನು. ಅಲ್ಲಿಯವರೆಗೆ ಇರಲಿ ಎಂದು ಆಸ್ಪತ್ರೆ ಸಾಮಾನು ಬಾಡಿಗೆಗೆ ಕೊಡುವವನಿಂದ ಒಂದು ಕುರ್ಚಿ ತಂದೆ. ಅದರ ಕಾಲುಮಣೆ ಎತ್ತಿದರೆ ಕಟಕ್ ಎಂದು ನಿಲ್ಲುತ್ತದೆ. ಇಳಿಸುವ ಹಿಡಿ ಬಲಗಡೆ, ಹೊರಗೆ, ತಳದಲ್ಲಿ. ಅವಳಿಗೆ ಎಟುಕದು. ಅದಕ್ಕೇ ನಾನಿದ್ದೆನಲ್ಲ.

ನಾನು ನಕ್ಷೆ ಬರೆಯುತ್ತಿದ್ದೆ. ನಾಲ್ಕು ತಿಂಗಳಲ್ಲಿ ಹತ್ತು ನಕ್ಷೆ. ಪ್ರತಿಯೊಂದರಲ್ಲೂ ಒಂದೊಂದು ತಪ್ಪು ಕಾಣುತ್ತಿತ್ತು. ಅರ್ಧ ಗ್ರಾಂ ಕಡಿಮೆ ಬಂತೆಂದು ತಕ್ಕಡಿ ಜಪ್ತಿ ಮಾಡಿದ ಕೈ ಇದು, ತಪ್ಪಿರುವ ನಕ್ಷೆಗೆ ಮೊಹರು ಹೇಗೆ ಒತ್ತಲಿ?

ಆ ದಿನ ಮಧ್ಯಾಹ್ನ ಮೂರು ಗಂಟೆ. ಅವಳು ಕಿಟಕಿಯ ಬಳಿ, ನಾನು ಅಡುಗೆಮನೆಯ ಮೇಜಿನಲ್ಲಿ ಹನ್ನೊಂದನೆಯದರ ಮುಂದೆ. "ರೀ, ಇದನ್ನ ಇಳಿಸ್ತೀರಾ?" ಅಂದಳು. ಒಂದು ನಿಮಿಷ ಅಂದೆ. ಇನ್ನೊಮ್ಮೆ ಕರೆದಳು. ಬಂದೆ ಅಂದೆ. ಮೂರನೇ ಸಲ ಕರೆದದ್ದೂ ಕೇಳಿಸಿತು. ನಿನಗೆ ಕಿವಿ ಇಲ್ಲ, ನನಗಿತ್ತು. ನಾನು ಆಗ ಏನು ಬರೆಯುತ್ತಿದ್ದೆ ಗೊತ್ತೇನೋ? ಆ ಗೂಟವನ್ನೇ. ಅವಳು ಯಾರನ್ನೂ ಕರೆಯದೆ ತಾನೇ ಬಿಡಿಸಿಕೊಳ್ಳುವಂಥ ಗೂಟವನ್ನು. ಇನ್ನೆರಡು ಗೆರೆ ಉಳಿದಿತ್ತು.

ಕಾಲುಮಣೆಯ ಪಕ್ಕದಿಂದ ಕಾಲು ಇಳಿಸಲು ಹೋಗಿದ್ದಾಳೆ.

ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳೇ, "ಬಚ್ಚಲಲ್ಲಿ ಜಾರಿದೆ" ಅಂದಳು. ನನ್ನ ಕಡೆ ನೋಡಲಿಲ್ಲ. ಆ ಮಾತನ್ನು ನಾನು ಹಿಡಿದುಕೊಂಡೆ. ಮಗಳಿಗೂ ಅದೇ, ನಿನಗೂ ಅದೇ.

ಅಂದಿನಿಂದ ಕೂರಲು ಆಗುತ್ತಿಲ್ಲ. ಕೂತ ತಕ್ಷಣ ಯಾರೋ ಕರೆದ ಹಾಗಾಗುತ್ತದೆ, ಎದ್ದುಬಿಡುತ್ತೇನೆ. ಮೊದಲು ಏಳದವನು ಈಗ ಏಳುತ್ತಿದ್ದೇನೆ. ಏನು ಉಪಯೋಗ?

ಬಾಡಿಗೆಯವನು ಆ ಕುರ್ಚಿಯನ್ನು ಮತ್ತೊಂದು ಮನೆಗೆ ಕೊಟ್ಟಿದ್ದಾನೆ. ಅಲ್ಲಿ ಯಾರೋ ಅದರಲ್ಲಿ ಕಾಲು ಎತ್ತಿಕೊಂಡು ಕೂತಿದ್ದಾರೆ. ಅವರಿಗೂ ಹಿಡಿ ಎಟುಕದು.

ಇದಕ್ಕೆ ನೀನು ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ. ಕುರ್ಚಿ ಮಾತ್ರ ಮಾಡು.


ಮಾರ್ಚ್ 30

ಭಾವ,

ಇಪ್ಪತ್ತೈದು ದಿನ ನಿಮಗೆ ಬರೆಯಲಿಲ್ಲ. ಮೊದಲ ಹತ್ತು ದಿನ ನಿಮ್ಮ ಮೇಲಿನ ಸಿಟ್ಟು. ನಿಮ್ಮ ಎರಡೂ ನಕ್ಷೆಗಳನ್ನು ಒಲೆಗೆ ಹಾಕಿದೆ. ಹೌದು, ಹಾಕಿದೆ. ಮೂರು ಸಲ ಕರೆದಳಲ್ಲ. ಚಿಕ್ಕಂದಿನಲ್ಲಿ ನಾನು ಬೆಂಚಿನ ಕೆಳಗೆ ಅಡಗಿ ಕೂತರೂ ಅವಳ ಒಂದೇ ಕೂಗಿಗೆ ಎದ್ದು ಬರುತ್ತಿದ್ದೆ, ನಿಮಗೇನಾಗಿತ್ತು?

ಉಳಿದ ದಿನಗಳ ಸಿಟ್ಟು ನನ್ನ ಮೇಲೆ. ಅದನ್ನೂ ಕೇಳಿ.

ಹೋದ ವರ್ಷ ಏಪ್ರಿಲ್‌ನಲ್ಲಿ ಅಕ್ಕ ನನಗೊಂದು ಲಕೋಟೆ ಕಳಿಸಿದ್ದಳು. ಒಳಗೆ ಒಂದು ಕೆಂಪು ಉಣ್ಣೆಯ ದಾರ, ಅದರಲ್ಲಿ ಮೂರು ಗಂಟು. ಜೊತೆಗೆ ನಾಲ್ಕು ಸಾಲು: "ಮೊಳೆ, ನಿನ್ನ ಭಾವ ನಕ್ಷೆ ಬರೀತಿದಾರೆ. ಅದು ಮುಗಿಯೋ ಹೊತ್ತಿಗೆ ನಾನೇ ಮುಗೀತೀನಿ. ಈ ದಾರದಲ್ಲಿ ನನ್ನ ಅಳತೆ ಇದೆ. ಸುಮ್ನೆ ಒಂದು ಕುರ್ಚಿ ಮಾಡಿ ಕಳ್ಸು, ಅವರಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ."

ದಾರವನ್ನು ಬೆಂಚಿನ ಮೇಲಿನ ಮೊಳೆಗೆ ನೇತುಹಾಕಿದೆ. ಆ ವಾರವೇ ತೇಗದ ಮರ ಕೊಯ್ದಿಟ್ಟೆ. ಅಷ್ಟರಲ್ಲಿ ಶಾಲೆಯ ಅರವತ್ತು ಡೆಸ್ಕು ಬಂತು. ನಾಳೆ ಎಂದೆ. ಬಡಗಿಗಳದ್ದು ನಾಳೆ ಬಾ ಎನ್ನುವ ಜಾತಿ ಎಂದು ನೀವು ಬರೆದಿರಲ್ಲ, ಅದನ್ನು ಓದಿದಾಗ ದಾರ ನನ್ನ ತಲೆಯ ಮೇಲೆಯೇ ಇತ್ತು.

ಬಚ್ಚಲಲ್ಲಿ ಬಿದ್ದಳು ಎಂದು ನೀವು ಹೇಳಿದಾಗ ನನಗೆ ಒಳಗೊಳಗೇ ಹಗುರವಾಯಿತು ಭಾವ. ಬಚ್ಚಲಲ್ಲಿ ಬೀಳುವವಳನ್ನು ನನ್ನ ಕುರ್ಚಿ ಹಿಡಿಯುತ್ತಿರಲಿಲ್ಲ ಎಂದುಕೊಂಡೆ. ಇಷ್ಟು ತಿಂಗಳು ನಿಮ್ಮ ಸುಳ್ಳಿನ ಮೇಲೆ ತಲೆಯಿಟ್ಟು ಚೆನ್ನಾಗಿ ನಿದ್ದೆ ಮಾಡಿದೆ. ಅದು ನಿಮಗೊಬ್ಬರಿಗೇ ಬೇಕಾಗಿದ್ದ ಸುಳ್ಳಲ್ಲ.

ಇವತ್ತು ಪಾರ್ಸಲ್ಲಿನಲ್ಲಿ ಕಾಲುಮಣೆಯನ್ನು ಮಾತ್ರ ಕಳಿಸುತ್ತಿದ್ದೇನೆ. ಅದಕ್ಕೆ ತನ್ನದೇ ನಾಲ್ಕು ಕಾಲು ಇಟ್ಟಿದ್ದೇನೆ, ಕಳಚಿದರೆ ಪುಟ್ಟ ಸ್ಟೂಲು. ಸೀಟಿನ ಮುಂಪಟ್ಟಿಯ ಒಂದು ತುಂಡೂ ಗೂಟವೂ ಜೊತೆಗಿವೆ. ಕೂಡಿಸಿ, ಎಳೆದು ಪರೀಕ್ಷೆ ಮಾಡಿ. ನೀವು ಸರಿ ಎಂದ ಮೇಲೆ ಉಳಿದದ್ದನ್ನು ಮಾಡಿ ನಾನೇ ತರುತ್ತೇನೆ. ಆ ಬಾಡಿಗೆ ಕುರ್ಚಿ ಹೋಗಿರುವ ಮನೆ ಯಾವುದು, ವಿಚಾರಿಸಿಡಿ.

ಇನ್ನು ನಕ್ಷೆ ಕಳಿಸಬೇಡಿ.

ಮೊಳೆ


ಏಪ್ರಿಲ್ 13

ಮೊಳೆರಾಯನಿಗೆ,

ಕಾಲುಮಣೆ ಬಂತು. ಗೂಟಕ್ಕೆ ಪಟ್ಟಿ ಕೂಡಿಸಿ ಎಡಗೈಯಲ್ಲಿ ಎಳೆದೆ. ಬಿಟ್ಟುಕೊಂಡಿತು. ಅವಳ ಬೆರಳು ಬಾತಿರುತ್ತಿದ್ದವಲ್ಲ, ನನ್ನ ಬೆರಳಿಗೂ ಬಟ್ಟೆ ಸುತ್ತಿಕೊಂಡು ಎಳೆದೆ. ಕಣ್ಣು ಮುಚ್ಚಿ ಎಳೆದೆ. ನೂರು ಸಲ ಎಳೆದೆ ಕಣೋ, ನೂರು ಸಲವೂ ಬಿಟ್ಟುಕೊಂಡಿತು. ಆಮೇಲೆ ಅದನ್ನು ಎದೆಗವಚಿಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅಪ್ಪಾ, ಮುಂದಿನ ವಾರ ಬರ್ತೀನಿ, ಈಗ ಇಡ್ತೀನಿ" ಅಂದಳು. ಏನನ್ನುತ್ತಾಳೋ ಗೊತ್ತಿಲ್ಲ. ಬರಲಿ.

ಬಾಡಿಗೆಯವನು ವಿಳಾಸ ಕೊಡಲು ಗೊಣಗಿದ. ಕೌಂಟರಿನ ಮೇಲಿದ್ದ ಅವನ ತಕ್ಕಡಿಯ ಕಡೆ ಸುಮ್ಮನೆ ಒಮ್ಮೆ ನೋಡಿದೆ, ಹಳೇ ಅಭ್ಯಾಸ. ತಕ್ಷಣ ಕೊಟ್ಟ. ನಮ್ಮ ರಸ್ತೆಯಿಂದ ಆರನೆಯ ಬೀದಿ, ಹೊಲಿಗೆಯವಳೊಬ್ಬಳ ಮನೆ. ಕಾಲುಮಣೆ, ಪಟ್ಟಿ, ಗೂಟ ಕಂಕುಳಲ್ಲಿಟ್ಟುಕೊಂಡು ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತಟತಟ ಓಡುತ್ತಿತ್ತು. ಒಳಗೆ ಅವಳ ತಾಯಿ, ಅದೇ ಕುರ್ಚಿ, ಕಾಲು ಮೇಲೆ.

"ಯಾರ್ರೀ ನೀವು? ಸ್ಟೂಲ್ ಮಾರೋಕೆ ಬಂದ್ರಾ?" ಎಂದಿತು ಮುದುಕಿ.

"ಇಲ್ಲಮ್ಮ. ಈ ಕುರ್ಚಿಯಿಂದ ಏಳ್ಬೇಕಾದ್ರೆ ಏನ್ಮಾಡ್ತೀರಿ?"

"ಮಗಳನ್ನ ಕೂಗ್ತೀನಿ. ಮೆಷಿನ್ ಸದ್ದಲ್ಲಿ ಅವಳಿಗೆಲ್ಲಿ ಕೇಳುತ್ತೆ! ಕೂಗಿ ಕೂಗಿ ಸಾಕಾಗಿ ಸುಮ್ನಾಗ್ತೀನಿ."

ಕೂಡಿಸಿ ತೋರಿಸಿದೆ. ಅಜ್ಜಿ ಗೂಟವನ್ನು ಎರಡು ಸಲ ಎಳೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಾ ಸರಿ, ಎಡಗಡೆ ಯಾಕೆ ಇಟ್ರಿ? ನನ್ನ ಎಡಗೈಲಿ ಬಲ ಇಲ್ಲ, ಬಲಗೈಗೆ ಕೊಡಿ" ಅಂದಿತು.

ಹದಿಮೂರು ನಕ್ಷೆ ಬರೆದವನಿಗೆ ಇದು ಹೊಳೆದಿರಲಿಲ್ಲ ನೋಡು. ನಕ್ಕುಬಿಟ್ಟೆ. ಯಾಕೆ ನಗುತ್ತಿದ್ದೇನೆ ಎಂದು ಅಜ್ಜಿಗೆ ಹೇಳಹೊರಟು, ಪೂರ್ತಿ ಹೇಳಿಬಿಟ್ಟೆ. ಮಗಳು ಯಂತ್ರ ನಿಲ್ಲಿಸಿ ಬಾಗಿಲಲ್ಲಿ ನಿಂತಳು. ಅವಳು ಹೋಗಿ ತಾಯಿಯ ಕಾಲುಮಣೆ ಇಳಿಸಿ, ಹೊಲಿಗೆ ಯಂತ್ರವನ್ನು ಎಳೆದು ತಂದು ತಾಯಿಯ ಪಕ್ಕಕ್ಕೆ ಇಟ್ಟುಕೊಂಡಳು. ಆಮೇಲೆ ಅಜ್ಜಿ ತನ್ನ ಗಂಡ, ತನ್ನ ಮಂಡಿ, ಪಕ್ಕದ ಮನೆಯವರ ನಾಯಿ ಎಂದು ಮಾತು ಹಿಡಿಯಿತು. ಹೊರಗೆ ಬಂದು ಗಡಿಯಾರ ನೋಡಿಕೊಂಡೆ, ಎರಡು ಗಂಟೆಯ ಹೊತ್ತು ನಿನ್ನ ಕಾಲುಮಣೆಯ ಮೇಲೆ ಕೂತಿದ್ದೆ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ನೀನು ಹೇಳಿದ ಹಾಗೆಯೇ.

ಇದನ್ನೂ ಅದರ ಮೇಲೆ ಕೂತೇ ಬರೆಯುತ್ತಿದ್ದೇನೆ. ನಡುವೆ ನಾಲ್ಕು ಸಲ ಎದ್ದೆ. ಅಕ್ಷರ ಅಷ್ಟಾಗಿ ಏರು ಹತ್ತಿಲ್ಲ ಅಂದುಕೊಳ್ಳುತ್ತೇನೆ.

ಗೂಟ ಎರಡೂ ಕಡೆ ಇರಲಿ. ಅಜ್ಜಿ ನಿನ್ನಕ್ಕನಿಗಿಂತ ಮುಕ್ಕಾಲು ಇಂಚು ಗಿಡ್ಡ. ನೀನು ಆವತ್ತು ಕೊಯ್ದಿಟ್ಟ ಮರ ಸಾಕು, ತುದಿ ಸವರಿದರೆ ಆಯಿತು. ಒಳಗೆ ಹೊಲಿಗೆಯವಳು ಕೊಟ್ಟ ನೀಲಿ ದಾರವಿದೆ, ಮೂರು ಗಂಟು. ಅಳತೆ ತೆಗೆದವನು ನಾನೇ, ಎದುರಿಗೆ ಕೂತು. ನಾಳೆ ಅನ್ನಬೇಡ.

ನಕ್ಷೆ ಇಟ್ಟಿಲ್ಲ.

ನಿನ್ನ ಭಾವ